ಅಟ್ಟದ ಹಸಿಗಾಯಿ ತಾಳ ಹಾಕಿದ ರಾತ್ರಿ

ನಂಬುವವರು ನಂಬಲಿ, ಬಿಡುವವರು ಬಿಡಲಿ. ದಿನಾ ದೇವರಿಗೆ ದೀಪ ಹಚ್ಚುವ ಕೈ ಇದು, ಸುಳ್ಳು ಬರೆಯಲಾರೆ.

ಅವತ್ತು ಸಂಜೆ ಅವರೆಕಾಯಿ ಸುಲಿಯುತ್ತಿದ್ದೆ. ಪಕ್ಕದ ಮನೆಯ ಜಯಮ್ಮ ಬೇಲಿಯಾಚೆಯಿಂದ ಕೂಗಿದಳು. "ಅಕ್ಕಾ, ನಿಮ್ಮನೆಯವ್ರು ನಮ್ಮನೆಗೆ ಫೋನ್ ಮಾಡಿದ್ರು ಕಣಕ್ಕ. ತುರುವೇಕೆರೇಲಿ ಬಸ್ಸು ಕೆಟ್ಟೋಯ್ತಂತೆ. ಬೆಳಗ್ಗೆ ಬತ್ತಾರಂತೆ."

ಮನೆಯಲ್ಲಿ ಉಳಿದವರು ನಾನು ಮತ್ತು ನಾದಿನಿ ಗೀತಾ. ಅವಳಿಗೆ ಕಾಲು ಮುರಿದು ತೊಡೆಯವರೆಗೆ ಪ್ಲಾಸ್ಟರ್ ಕಟ್ಟು ಹಾಕಿದ್ದರು. ನಡುಮನೆಯಲ್ಲಿ ಅಟ್ಟದ ಬಾಯಿಯ ಕೆಳಗೇ ಅವಳ ಮಂಚ. ಉಳಿದ ಕಡೆಯೆಲ್ಲ ಮೂಟೆಗಳು.

ಅವಳ ಕೈಯಲ್ಲಿ ಆ ಹಾಳು ವಿಡಿಯೋ ಗೇಮು! ಬೇಜಾರು ಕಳೆಯಲೆಂದು ನಮ್ಮವರೇ ತಿಪಟೂರಿನಿಂದ ತಂದುಕೊಟ್ಟಿದ್ದು. ಮೇಲಿನಿಂದ ಇಟ್ಟಿಗೆಗಳು ಬೀಳುತ್ತವೆ. ಟುಕ್... ಟುಕ್... ಟೂಂ... ಆ ತಾಳಕ್ಕೆ ಸರಿಯಾಗಿ ಗುಂಡಿ ಒತ್ತಿದರೆ ಮಾತ್ರ ಸಾಲಾಗಿ ಕೂರುತ್ತವೆ. ಬೆಳಗಿನಿಂದ ಅದೇ ಸದ್ದು. ಜಪಕ್ಕೆ ಕೂತರೂ ನನ್ನ ಬಾಯಲ್ಲಿ ಟುಕ್ ಟುಕ್ಕೇ ಬರುತ್ತಿತ್ತು.

ಊಟವಾದ ಮೇಲೆ ಕರೆಂಟು ಹೋಯಿತು. ಬುಡ್ಡಿ ದೀಪ ಹಚ್ಚಿಟ್ಟೆ.

"ಈಗ್ಲಾದ್ರೂ ನಿಲ್ಸೇ ತಾಯಿ, ತಲೆ ಸಿಡೀತಾ ಅದೆ."

"ಇದು ಬ್ಯಾಟ್ರೀದು ಕಣತ್ತಿಗೆ. ನಿಮ್ಮ ಭಜನೆ ನಾನು ಕೇಳಲ್ವಾ?"

ಬೈಯಬೇಕೆಂದು ಬಾಯಿ ತೆರೆದೆ. ಆಗ ಅಟ್ಟದ ಮೇಲೆ... ಗಲ್... ಗಲ್... ಗಲಕ್.

ಅದೇ ತಾಳ.

ನಮ್ಮ ಕಡೆ ಕೊಬ್ಬರಿಗೆಂದು ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ವರ್ಷ ಕಳೆದು ನೀರೆಲ್ಲ ಇಂಗಿದ ಮೇಲೆ ಒಳಗಿನ ಕೊಬ್ಬರಿ ಹಾಗೆ ಗಲಗಲ ಎನ್ನುತ್ತದೆ. ಈ ಕಾಯಿ ಹಾಕಿ ತಿಂಗಳಾಗಿತ್ತಷ್ಟೆ... ಎಲ್ಲದರಲ್ಲೂ ನೀರು ತುಂಬಿತ್ತು.

ಗೀತಾಳ ಬೆರಳು ತಡವರಿಸಿತು. ಧೊಪ್! ಮಂಚದ ಪಕ್ಕಕ್ಕೊಂದು ಕಾಯಿ ಬಿತ್ತು.

ಅವಳು ಗಡಬಡಿಸಿ ಮತ್ತೆ ಒತ್ತಿದಳು. ಮೇಲೆ ಗಲ್... ಗಲ್... ಗಲಕ್. ಬೀಳಲಿಲ್ಲ. ತಾಳ ಒಮ್ಮೆ ತಪ್ಪಿತು. ಧೊಪ್! ಈ ಸಲ ತಲೆದಿಂಬಿನ ಅಂಚಿಗೆ.

"ಬಿಸಾಕೇ ಅದನ್ನ!"

"ನಿಲ್ಸಿದ್ರೆ ಬೀಳ್ತದೆ ಅತ್ತಿಗೆ..." ಅವಳಿಗೆ ಅಳು ಬಂದಿತ್ತು. "ಜೋರಾಗ್ತಾ ಅದೆ... ನಂಗೆ ಕೈ ಓಡ್ತಿಲ್ಲ..."

ಮಂಚ ಎಳೆದೆ. ಮೂಟೆಗಳ ನಡುವೆ ಸಿಕ್ಕಿಕೊಂಡು ಅಲುಗಲಿಲ್ಲ. ಅವಳು ಎದ್ದು ನಿಲ್ಲುವ ಹಾಗಿಲ್ಲ. ಇಂಥ ಕಡೆ ಮಂಚ ಹಾಕಿದ ಗಂಡನನ್ನೂ, ಕೆಟ್ಟು ನಿಂತ ಬಸ್ಸನ್ನೂ ಒಟ್ಟಿಗೇ ಶಪಿಸಿದೆ. ಅವಳನ್ನು ಕಂಬಳಿ ಸಮೇತ ನೆಲಕ್ಕೆ ಜಾರಿಸಿ, ದೇವರೇ ದೇವರೇ ಎನ್ನುತ್ತಾ ಅಡುಗೆಮನೆಯ ಕಡೆಗೆ ಎಳೆದೆ. ನೋವಿಗೆ ಚೀರುತ್ತಲೇ ಅವಳು ಗುಂಡಿ ಒತ್ತುತ್ತಿದ್ದಳು.

ಹೊಸ್ತಿಲು ದಾಟಿದೆವು. ಬ್ಯಾಟರಿ ಸತ್ತಿತು. ಸದ್ದು ನಿಂತಿತು...

ಹಿಂದೆಯೇ ಮಂಚದ ಹಲಗೆ ಲಟಕ್ಕೆಂದು ಮುರಿದ ಸದ್ದು.

ಬೆಳಕು ಹರಿದ ಮೇಲೆ ನೋಡಿದೆವು. ಕಾಯಿ ಬಿದ್ದಿದ್ದು ಅವಳ ತಲೆಯಿದ್ದ ಜಾಗಕ್ಕೆ. ಕಾಲಿನ ಕಟ್ಟೂ ಬಿರುಕು ಬಿಟ್ಟಿರಲಿಲ್ಲ, ದೇವರು ದೊಡ್ಡವನು. ಬಿದ್ದ ಕಾಯಿಗಳನ್ನು ಒಂದೊಂದೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಎಲ್ಲದರಲ್ಲೂ ನೀರಿನ ಗುಳುಕ್... ಗಲ್ ಎನ್ನುವುದು ಒಂದೂ ಇರಲಿಲ್ಲ.

ನಮ್ಮವರು ಬಂದರು. ನಾನು ಮುರಿದ ಹಲಗೆ ತೋರಿಸುತ್ತಾ ಹೇಳಿದೆ, ಅವರು ಆಕಳಿಸುತ್ತಾ ಕೇಳಿದರು.

"ಹೆಗ್ಗಣ ಕಣೇ. ಬುಡು ಅತ್ಲಾಗೆ, ಸ್ನಾನಕ್ಕೆ ನೀರು ಕಾಯ್ಸು."

ತಾಳ ಕಲಿತ ಹೆಗ್ಗಣವೇ? ಕೇಳಿದ್ದರೆ ನಗುತ್ತಿದ್ದರು. ಬಚ್ಚಲಿಗೆ ನಡುಮನೆ ಹಾದು ಹೋಗಬೇಕು. ನಾನು ಹಿತ್ತಲಿನಿಂದ ಸುತ್ತು ಹಾಕಿಕೊಂಡು ಹೋಗಿ ಹಂಡೆಯ ಒಲೆ ಹಚ್ಚಿದೆ.