ದಂಡೆಯ ಮೇಲೆ ಬಟ್ಟೆ ಬೀಸಬಾರದು

ಪುಣೆಯ ಕೊಂಢವಾದಲ್ಲಿ ನನ್ನ ರೊಟ್ಟಿ ಅಂಗಡಿಯ ಎದುರಿಗೇ ಒಂದು ಕಟ್ಟಡ ಏಳುತ್ತಿದೆ. ಸಿಮೆಂಟಿನ ಲಾರಿ ಹಿಂದಕ್ಕೆ ಬರುವಾಗ ಒಬ್ಬಾತ ನಿಂತು ಟವೆಲ್ ಬೀಸುತ್ತಾನೆ. ‘ಕೈ ತೋರ್ಸಿದ್ರ ಸಾಕಾಗಂಗಿಲ್ಲೇನು? ಬಟ್ಟಿ ಯಾಕ ಬೀಸ್ತೀರಿ?’ ಎಂದು ಅವನ ಮೇಲೆ ಎಗರಾಡಿದ್ದೇನೆ. ನನಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದಾನೆ. ಅಂದುಕೊಳ್ಳಲಿ. ಆ ಟವೆಲ್ ಮೇಲೆದ್ದರೆ ಸಾಕು, ನನ್ನ ಕೈಯಲ್ಲಿನ ಹಿಟ್ಟು ಕೈಯಲ್ಲೇ ಉಳಿಯುತ್ತದೆ.

ನನ್ನ ಮದುವೆಗೆ ಮೊದಲು ನಾವು ಇದ್ದದ್ದು ಬಾರಾಮತಿಯ ಆಚೆ, ಭೀಮೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ. ನಮ್ಮೂರು ಯಾದಗಿರಿ ಕಡೆ, ಅದೂ ಭೀಮೆಯ ದಂಡೆಯೇ. ಅಲ್ಲಿ ಬೇಸಿಗೆ ಬಂದರೆ ಹೊಳೆ ಪೂರ್ತಿ ಮರಳು. ‘ಎಮ್ಮಿ ಬಾಲ ಹಿಡ್ದು ಸಾಕಾತು, ಕೊಂಬಿನ ಕಡೆ ಹೋಗೂಣು ನಡೀರಿ’ ಎಂದು ಅಪ್ಪ ಎಲ್ಲರನ್ನೂ ಹೊಳೆಯ ಮೇಲ್ಭಾಗಕ್ಕೆ, ನೀರಿರುವಲ್ಲಿಗೆ ಕರೆತಂದ. ಹರಿಗೋಲು ಹೆಣೆಯುವ ಕೈಯನ್ನೂ ತಂದ. ಹಿನ್ನೀರಿನ ಮೀನುಗಾರರದ್ದು ಇಂಜಿನ್ನಿನ ದೋಣಿ. ನಮ್ಮದು ಬಿದಿರು ಹೆಣೆದು, ಪ್ಲಾಸ್ಟಿಕ್ ಹೊದಿಸಿ, ಡಾಂಬರು ಬಳಿದ ದೊಡ್ಡ ಬುಟ್ಟಿ. ‘ಕಾಕಾಂಚಿ ಟೋಪಲಿ’, ಕಾಕನ ಬುಟ್ಟಿ, ಎಂದು ಅವರು ನಗುತ್ತಿದ್ದರು. ಅಪ್ಪ ಅದಕ್ಕೆ ಬೇಜಾರು ಮಾಡಿಕೊಳ್ಳುವವನಲ್ಲ.

ನಮ್ಮ ಕಸುಬು ಸಿಗಡಿ ಹಿಡಿಯುವುದು. ಬಿದಿರ ಕಡ್ಡಿಗೆ ಬಲೆ ಬಿಗಿದ ಬೋನುಗಳು. ಒಳಗೆ ಹೋಗುವ ಬಾಯಿ ಅಗಲ, ತುದಿ ಇಕ್ಕಟ್ಟು, ಹೊಕ್ಕ ಸಿಗಡಿಗೆ ಹೊರಗೆ ಬರುವ ದಾರಿ ತಿಳಿಯುವುದಿಲ್ಲ. ಕೋಳಿ ಕರುಳನ್ನು ತೌಡಿನಲ್ಲಿ ಕಲಸಿ ಉಂಡೆ ಕಟ್ಟುವುದು ಅವ್ವನ ಕೆಲಸ, ಹರಿದ ಬಲೆ ಹೊಲಿಯುವುದು ನನ್ನದು. ಆ ವಾಸನೆ, ಥೂ, ಎಷ್ಟು ತಿಕ್ಕಿದರೂ ಕೂದಲಿನಿಂದ ಹೋಗುತ್ತಿರಲಿಲ್ಲ. ಸಂಜೆ ಅಪ್ಪ ಬೋನುಗಳನ್ನೆಲ್ಲ ಒಂದೇ ಉದ್ದ ಹಗ್ಗಕ್ಕೆ ಕಟ್ಟಿ, ಕಲ್ಲಿನ ಭಾರ ಹಾಕಿ ನೀರಿಗೆ ಬಿಡುತ್ತಿದ್ದ. ಗುರುತಿಗೆ ಖಾಲಿ ಸೋಡಾ ಬಾಟಲಿಗಳು ಮೇಲೆ ತೇಲುತ್ತಿದ್ದವು. ಬೆಳಿಗ್ಗೆ ಎತ್ತಿ ತರುವ ಹೊತ್ತಿಗೆ ಐಸಿನ ಟೆಂಪೋದವನು ದಂಡೆಯಲ್ಲೇ ಕಾಯುತ್ತಿರುತ್ತಿದ್ದ.

ನೀರಿಗೆ ಹೋದ ಗಂಡಸನ್ನು ನಮ್ಮಲ್ಲಿ ದಂಡೆಯಿಂದ ಕೂಗಿ ಕರೆಯುವುದಿಲ್ಲ. ಬಟ್ಟೆಯನ್ನಂತೂ ಬೀಸಲೇಬಾರದು. ಬೀಸಿದರೆ, ಮನೆಯಲ್ಲಿ ಸಾವಾಗಿದೆ, ಬಲೆ ಬಿಟ್ಟು ಬಾ ಎಂದು ಅರ್ಥ. ಒಗೆದ ಸೀರೆ ಕೊಡವುವುದಿದ್ದರೂ ಅವ್ವ ಗುಡಿಸಲ ಹಿಂದೆ ಹೋಗಿ ಕೊಡವುತ್ತಿದ್ದಳು. ‘ಇಲ್ಲಿ ಯಾರ್ ನೋಡ್ತಾರವ್ವ?’ ಎಂದು ನಾನು ಕೆಣಕಿದರೆ, ‘ನಿಮ್ಮಪ್ಪ ನೋಡ್ತಾನ’ ಎನ್ನುತ್ತಿದ್ದಳು.

ಆಗ ಅಜ್ಜಿ, ಅಪ್ಪನ ತಾಯಿ, ಜ್ವರ ಬಂದು ಮಲಗಿದ್ದಳು. ಗಂಜಿಯೂ ಒಳಗಿಳಿಯುತ್ತಿರಲಿಲ್ಲ. ಆ ದಿನ ಬೆಳಿಗ್ಗೆ ಹೊರಡುವಾಗ ಅಪ್ಪ ಅವಳ ಹಣೆ ಮುಟ್ಟಿ ನೋಡಿ, ‘ಲಗೂನ ಬರ್ತೀನಿ, ದವಾಖಾನಿಗೆ ಹೋಗೂಣು’ ಎಂದ. ಅಜ್ಜಿ ಕಣ್ಣು ತೆರೆಯಲಿಲ್ಲ. ಅವನು ಬಾಗಿಲಲ್ಲಿ ನಿಂತು ಮತ್ತೊಮ್ಮೆ ಅವಳನ್ನು ನೋಡಿ ಹೋದ.

ಬೋನು ಎತ್ತುತ್ತಿರುವಾಗ ಗಾಳಿ ಎದ್ದಿತು. ಗಾಳಿ ಬಂದಾಗ ತೂರಿಕೋ ಎನ್ನುವುದು ಕಣದವರ ಮಾತು, ನೀರಿನವರಾದರೆ ಗಾಳಿ ಬಂದಾಗ ಮನೆ ಸೇರಿಕೋಬೇಕು. ಅಪ್ಪ ಸೇರಿಕೊಳ್ಳುವಷ್ಟರಲ್ಲಿ ಅಂತರಗಂಗೆ ಬಂತು. ಇಲ್ಲಿಯವರು ಅದಕ್ಕೆ ಜಲಪರ್ಣಿ ಅನ್ನುತ್ತಾರೆ. ಪುಣೆಯ ಗಟಾರದ ನೀರು ಕುಡಿದು ಕೊಬ್ಬಿದ ಹಾಳು ಸೊಪ್ಪು, ಅಂದಚೆಂದಕ್ಕೆ ನೇರಳೆ ಹೂ ಬೇರೆ! ಒಂದು ಹೊಲವೇ ತೇಲಿ ಬಂದ ಹಾಗೆ ಓರೆಯಾಗಿ ಬಂದು, ನಮ್ಮ ದಂಡೆಗೂ ಅಪ್ಪನಿಗೂ ನಡುವೆ ತುಂಬಿಕೊಂಡಿತು. ಅದರಲ್ಲಿ ಹುಟ್ಟು ಹಾಕಲಾಗದು, ಈಜಲಾಗದು, ಮೇಲೆ ನಡೆಯಲೂ ಆಗದು. ಬೇರು ಕಾಲಿಗೆ ಸುತ್ತಿಕೊಂಡರೆ ಕಥೆ ಮುಗಿಯಿತು.

ಅಪ್ಪನಿಗೆ ಇದೆಲ್ಲ ಗೊತ್ತಿತ್ತು. ಬೋನಿನ ಹಗ್ಗವನ್ನು ಹಿಡಿದುಕೊಂಡು ಹರಿಗೋಲಿನಲ್ಲಿ ಆರಾಮಾಗಿ ಕುಳಿತ. ಸಂಜೆಗೆ ಗಾಳಿ ತಿರುಗಿದರೆ ಸೊಪ್ಪು ತಾನೇ ಸರಿಯುತ್ತದೆ. ಅಂಗಿಯ ಬಣ್ಣ ಕಾಣುವಷ್ಟು ಹತ್ತಿರ, ಮುಖ ತಿಳಿಯದಷ್ಟು ದೂರ ಇದ್ದ. ಅವ್ವ, ನಾನು ದಂಡೆಯಲ್ಲಿ ಕೈ ಕಟ್ಟಿಕೊಂಡು ಕುಳಿತೆವು. ಕೂಗುವಂತಿಲ್ಲ, ಕೈ ಮಾಡುವಂತಿಲ್ಲ.

ಆಗ ಪಕ್ಕದ ಇಂಜಿನ್ ದೋಣಿಯ ಮರಾಠಿ ಮಾಮಾ ಓಡಿ ಬಂದ. ಭಾಳ ಒಳ್ಳೆಯ ಮನುಷ್ಯ, ಅವನನ್ನು ಬೈಯಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ದೋಣಿಯ ಪಂಖಕ್ಕೆ ಸೊಪ್ಪು ಸುತ್ತಿಕೊಳ್ಳುತ್ತದೆಂದು ಕುಡುಗೋಲು ತಂದಿದ್ದ, ಕೊಯ್ದು ಕೊಯ್ದು ದಾರಿ ಮಾಡುವುದಕ್ಕೆ. ಹೋಗುವ ಮೊದಲು ಅಪ್ಪನಿಗೆ ಅಲ್ಲೇ ಇರು ಎಂದು ತಿಳಿಸಬೇಕಲ್ಲ? ‘ಥಾಂಬಾ ಕಾಕಾ, ಥಾಂಬಾ!’ ಎಂದು ಕೂಗಿದ. ಎದುರುಗಾಳಿ, ಕೂಗು ದಂಡೆ ದಾಟಲಿಲ್ಲ. ಹೆಗಲ ಮೇಲಿದ್ದ ಬಿಳಿ ಟವೆಲ್ ತೆಗೆದು, ತಲೆಯ ಮೇಲೆತ್ತಿ ಬೀಸಿದ.

ಅಪ್ಪ ಎದ್ದು ನಿಂತ.

ನಮ್ಮ ಗುಡಿಸಲ ಮುಂದೆ, ಅವ್ವನ ಪಕ್ಕದಲ್ಲಿ, ಬಿಳಿ ಬಟ್ಟೆ. ಒಳಗೆ ಜ್ವರದ ತಾಯಿ. ಅವನು ಇನ್ನೇನು ತಿಳಿಯಬೇಕು?

‘ಬ್ಯಾಡ್ರೀ! ಬೀಸಬ್ಯಾಡ್ರೀ!’ ಅವ್ವ ಚೀರಿ ಟವೆಲ್ ಕಿತ್ತುಕೊಂಡು ನೆಲಕ್ಕೆ ಒಗೆದಳು. ಮಾಮಾ ‘ಕಾಯ್ ಝಾಲಂ?’ ಎಂದು, ಏನಾಯಿತೆಂದೇ ತಿಳಿಯದೆ ಬೆಪ್ಪಾಗಿ ನಿಂತ. ಅಷ್ಟರಲ್ಲಿ ಅಪ್ಪ ಹಗ್ಗ ಬಿಟ್ಟಾಗಿತ್ತು. ಬಲೆ ಬಿಟ್ಟು ಬಾ ಎಂದರೆ ಬಿಟ್ಟು ಬರಬೇಕು, ಅಷ್ಟೇ. ಬರಬೇಡ ಬರಬೇಡ ಎಂದು ಅವ್ವ, ನಾನು ಎರಡೂ ಕೈ ಆಡಿಸಿದೆವು. ದೂರದಿಂದ ಅದೂ ಕರೆದ ಹಾಗೆಯೇ ಕಾಣುತ್ತದೆ. ಅಪ್ಪ ಅಂಗಿ ಬಿಚ್ಚಿದ.

ಏನು ಮಾಡಿದರೂ ಬಾ ಎಂದೇ ಕಾಣುವಾಗ ಮನುಷ್ಯರು ಏನು ಮಾಡಬೇಕು, ನೀವೇ ಹೇಳಿ. ನನಗೆ ತೋಚಿದ್ದು ಒಂದೇ, ಅಜ್ಜಿ ಬದುಕಿದ್ದಾಳೆಂದು ತೋರಿಸಬೇಕು. ಗುಡಿಸಲಿಗೆ ಓಡಿ, ಕೌದಿಯ ಸಮೇತ ಅವಳನ್ನು ಬೆನ್ನಿಗೆ ಹಾಕಿಕೊಂಡು ದಂಡೆಗೆ ಓಡಿ ಬಂದೆ. ಅವಳ ಮೈ ನನ್ನ ಬೆನ್ನು ಸುಡುತ್ತಿತ್ತು. ‘ಕೈ ಎತ್ತಜ್ಜಿ, ಕೈ ಎತ್ತು, ಅಪ್ಪಗ ಕಾಣ್ಲಿ!’ ಎಂದು ಬಡಕೊಂಡೆ.

ಹರಿಗೋಲು ಸೊಪ್ಪಿನ ಅಂಚಿನಲ್ಲಿ ಖಾಲಿ ತಿರುಗುತ್ತಿತ್ತು. ಮಾಮಾ ಎದೆಮಟ್ಟದ ನೀರಿನಲ್ಲಿ ಹುಚ್ಚನಂತೆ ಸೊಪ್ಪು ಕೊಯ್ಯುತ್ತಿದ್ದ, ಕೊಯ್ದಷ್ಟೂ ಅದು ಮತ್ತೆ ಕೂಡಿಕೊಳ್ಳುತ್ತಿತ್ತು. ಅವ್ವ ಕೆಸರಿನಲ್ಲಿ ಕುಸಿದು ಕುಳಿತಿದ್ದಳು. ಆ ಹಸಿರಿನಲ್ಲಿ ಎಲ್ಲಿಯೂ ಒಂದು ತಲೆ ಕಾಣಲಿಲ್ಲ.

ಅಜ್ಜಿ ನಿಧಾನಕ್ಕೆ ಕಣ್ಣು ತೆರೆದು, ನನ್ನ ಹೆಗಲ ಮೇಲಿಂದ ಕತ್ತು ಚಾಚಿ ನೋಡಿದಳು. ಕೆಸರಲ್ಲಿ ಬಿದ್ದಿದ್ದ ಟವೆಲ್ ಅವಳಿಗೆ ಕಂಡಿತು.

‘ಬಟ್ಟಿ ಬೀಸೀರೇನು?’ ಎಂದಳು. ‘ಯಾರು ಹೋದ್ರವ್ವಾ?’