ಕಂತಿನಲ್ಲಿ ಹುಟ್ಟಿದ ಅವಳಿಗಳು

ಪುರಸಭೆಯ ಜನನ-ಮರಣ ವಿಭಾಗದಲ್ಲಿ ಮೂಲೆ ಕಿಟಕಿಯ ಹಿಂದೆ ಕೂರುವ ಹೆಂಗಸನ್ನು ಎಲ್ಲರೂ ಪ್ರಿಂಟಕ್ಕ ಅಂತಲೇ ಕರೆಯುವುದು. ಮೂಗಿನ ತುದಿಗೆ ಕನ್ನಡಕ, ಸೆರಗಿನ ಅಂಚಿಗೆ ಇಂಕಿನ ಕಲೆ. ಕಾಗದ ಸಿಕ್ಕಿಕೊಂಡರೆ ಪ್ರಿಂಟರಿನ ಬೆನ್ನಿಗೊಂದು ಗುದ್ದಿ, "ಏಳಪ್ಪಾ ಮಹರಾಯ, ಜನ ಕಾಯ್ತಿದಾರೆ" ಅನ್ನುತ್ತಾಳೆ. ಅದು ಏಳುತ್ತದೆ ಕೂಡ.

ಆಫೀಸಿನ ಸಾಫ್ಟ್‌ವೇರು ಒಂದು ಕಂಪನಿಯದು. ದುಡ್ಡು ಜನರದು, ದಾಖಲೆ ಜನರದು, ಬೀಗ ಮಾತ್ರ ಕಂಪನಿಯದು. ಅದಕ್ಕೊಂದು ಹಟವಿತ್ತು. ಒಬ್ಬ ತಾಯಿಯ ಹೆಸರಿಗೆ ಒಂದೇ ತಾರೀಕಿನಲ್ಲಿ ಎರಡು ಮಕ್ಕಳನ್ನು ಹಾಕಿದರೆ 'ಈಗಾಗಲೇ ದಾಖಲಾಗಿದೆ' ಎಂದು ಕೆಂಪಗೆ ಮುಖ ಮಾಡಿಕೊಂಡು ಕೂತುಬಿಡುತ್ತಿತ್ತು. ಲೋಕದಲ್ಲಿ ಅವಳಿಗಳೂ ಹುಟ್ಟುತ್ತವೆ ಎಂಬ ಸುದ್ದಿ ಅದನ್ನು ಬರೆದ ಮಹಾಶಯರಿಗೆ ತಲುಪಿರಲಿಲ್ಲ. ಫೋನು ಮಾಡಿದಾಗಲೆಲ್ಲ "ಮುಂದಿನ ಆವೃತ್ತಿಯಲ್ಲಿ ನೋಡೋಣ ಮೇಡಂ" ಎಂಬ ಉತ್ತರ. ಆವೃತ್ತಿಗಳು ಬಂದವು, ಪರದೆಯ ಬಣ್ಣ ಬದಲಾಯಿತು, ಹಟ ಬದಲಾಗಲಿಲ್ಲ.

ಬಾಣಂತಿಯ ಗಂಡ ಕಿಟಕಿ ಮುಂದೆ ನಿಂತಿರುವಾಗ ಏನು ಮಾಡುವುದು? ವಿಭಾಗದಲ್ಲಿ ಒಂದು ರೂಢಿ ಬಿತ್ತು: ಎರಡನೇ ಮಗುವಿಗೆ ಮರುದಿನದ ತಾರೀಕು. ಎಲ್ಲರೂ ಹಾಕಿದರು, ಪ್ರಿಂಟಕ್ಕನೂ ಹಾಕಿದಳು. ಒಂದು ದಿನದಲ್ಲಿ ಏನು ಮುಳುಗಿಹೋಗುತ್ತೆ ಅಂತ. ಹೀಗೆ ಆ ಊರಿನ ಅವಳಿಗಳೆಲ್ಲ ತಾಯಿಯ ಹೊಟ್ಟೆಯಿಂದ ಕಂತಿನಲ್ಲಿ ಬಂದವರಾದರು.

ಕಳೆದ ವರ್ಷ ಮೇಲಿನಿಂದ ಆದೇಶ ಬಂತು: ಒಂದು ಕಿಟಕಿಯಲ್ಲಿ ಮುಕ್ತ ಸಾಫ್ಟ್‌ವೇರನ್ನು ಪ್ರಯೋಗ ಮಾಡಿ, ವರದಿ ಕೊಡಿ. ಮುಕ್ತ ಅಂದರೆ ಒಳಗಿನದನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಬಲ್ಲವರು ತಿದ್ದಬಹುದು. ಬೇರೆ ಯಾರೂ ಒಪ್ಪದೆ ಅದು ಪ್ರಿಂಟಕ್ಕನ ತಲೆಗೆ ಬಿತ್ತು. ಅದೂ ಕಾಡಿತು. ಪತ್ರ ಅಚ್ಚು ಹಾಕಿದರೆ ಮೊಹರು ಹೋಗಿ ಮಗುವಿನ ಹೆಸರಿನ ಮೇಲೆ ಕೂರುತ್ತಿತ್ತು. ಕೇಳೋಣವೆಂದರೆ ಒಂದು ಫೋನ್ ನಂಬರೂ ಇಲ್ಲ. "ಇದಕ್ಕೆ ಹೇಳೋರು ಕೇಳೋರು ಯಾರೂ ಇಲ್ವಾ?" ಎಂದು ಬೈದುಕೊಂಡಳು.

ತಮ್ಮ ತಾಯಿಯ ಮರಣಪತ್ರಕ್ಕೆ ಬಂದ ಪಾಲಿಟೆಕ್ನಿಕ್ ಮೇಷ್ಟ್ರೊಬ್ಬರು ಅದನ್ನು ಕೇಳಿಸಿಕೊಂಡರು. ವಿಭಾಗದ ಸಾಹೇಬರ ಅನುಮತಿ ಪಡೆದು, ಸಂಜೆ ಹೊತ್ತು ಬಂದು ಮೊಹರನ್ನು ಅದರ ಜಾಗಕ್ಕೆ ಕೂರಿಸಿದರು. ಪ್ರಿಂಟಕ್ಕ ಅವಳಿಗಳ ಕತೆ ಹೇಳಿದಳು. ಹುಡುಕಿ ನೋಡಿದರೆ ಅದೇ ತಡೆ ಇದರಲ್ಲೂ ಇತ್ತು. ಮೇಷ್ಟ್ರು ಅದನ್ನು ತೆಗೆದರು. ವರ್ಷಗಟ್ಟಲೆ ಕಾದದ್ದು ಚಹಾ ಆರುವಷ್ಟರಲ್ಲಿ ಮುಗಿಯಿತು.

ಶಾಲೆಗಳು ಶುರುವಾಗುವ ಹೊತ್ತಿಗೆ ಒಬ್ಬ ತಾಯಿ ಎರಡು ಹೆಣ್ಣುಮಕ್ಕಳ ಕೈ ಹಿಡಿದು ಬಂದಳು. ದೊಡ್ಡವಳನ್ನು ಶಾಲೆ ಸೇರಿಸಿಕೊಂಡಿತ್ತು. ಚಿಕ್ಕವಳ ವಯಸ್ಸಿಗೆ ಒಂದು ದಿನ ಕಡಿಮೆ, ಮುಂದಿನ ವರ್ಷ ಕರೆತನ್ನಿ ಅಂದಿದ್ದರು. ಸೇರಿಸಿಕೊಳ್ಳುವುದು ಆ ವಾರಕ್ಕೆ ಮುಗಿಯುತ್ತಿತ್ತು.

"ಅಕ್ಕಾ, ಒಬ್ಬಳ ಹಿಂದೆ ಒಬ್ಬಳು ಹುಟ್ಟಿದೋರು. ಒಬ್ಬಳನ್ನ ಶಾಲೆಗೆ ಕಳಿಸಿ ಇನ್ನೊಬ್ಬಳನ್ನ ಮನೇಲಿ ಕಟ್ಟಿಹಾಕ್ಲಾ?"

ದಾಖಲೆ ತೆಗೆದು ನೋಡಿದರೆ, ಮರುದಿನದ ತಾರೀಕು ಹಾಕಿದವಳು ಪ್ರಿಂಟಕ್ಕನೇ.

ತಿದ್ದಬಹುದಿತ್ತು, ಹೊಸ ಸಾಫ್ಟ್‌ವೇರಿದ್ದ ಅವಳ ಕಿಟಕಿಯಲ್ಲಿ ಮಾತ್ರ. ಆದರೆ ಕಾರಣ ಬರೆಯಬೇಕು, ಸಾಹೇಬರ ಸಹಿ ಬೇಕು. ಒಳಗೆ ಹೋದರೆ ಅವರು ಸಿದ್ಧ ವರದಿಯನ್ನು ಮುಂದೆ ತಳ್ಳಿದರು: ಮುಕ್ತ ಸಾಫ್ಟ್‌ವೇರು ಬಳಕೆಗೆ ಯೋಗ್ಯವಲ್ಲ, ಪ್ರಯೋಗ ನಿಲ್ಲಿಸಬಹುದು.

"ಸಹಿ ಹಾಕಿಬಿಡಿ ಅಮ್ಮ. ನಾಳೆ ಇದು ಕೆಟ್ರೆ ನಾನು ಯಾರ ಕುತ್ತಿಗೆ ಹಿಡೀಲಿ?"

"ಇಷ್ಟು ವರ್ಷ ಕಂಪನಿಯೋರ ಕುತ್ತಿಗೆ ಹಿಡಿದು ಏನ್ ಸಿಕ್ತು ಸರ್?"

"ಅವಳಿಗಳದು ಒಂದು ಸಣ್ಣ ವಿಷಯ."

"ಸಣ್ಣದೇ ಸರ್. ಇಷ್ಟೇ ಎತ್ತರ. ಹೊರಗೆ ಬೆಂಚಿನ ಮೇಲೆ ಕೂತಿದೆ."

ಸಾಹೇಬರು ಸಿಟ್ಟಾಗಲಿಲ್ಲ. ಕೆಟ್ಟವರೇನಲ್ಲ, ಹೆದರಿದವರು ಅಷ್ಟೇ. ಸರ್ಕಾರಿ ಕುರ್ಚಿಗಳಲ್ಲಿ ಹೆಚ್ಚಿನ ಅನ್ಯಾಯ ನಡೆಯುವುದು ಅಂಥವರಿಂದಲೇ. "ನಿಜ ಬರೆದ್ರೆ ನೋಟಿಸ್ ಬರೋದು ನಿಮಗೆ. ನಿವೃತ್ತಿ ಹತ್ರ ಬಂದಿದೆ. ತಾಯಿನೇ ತಪ್ಪು ಹೇಳಿದ್ರು ಅಂತ ಬರೀರಿ, ಕೋರ್ಟಿಂದ ಆದೇಶ ತರ್ತಾರೆ."

ಕೋರ್ಟಿನ ಕಾಗದ ಬರುವಷ್ಟರಲ್ಲಿ ಶಾಲೆಯ ಬಾಗಿಲು ಮುಚ್ಚಿರುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು.

ಮನೆಯಲ್ಲಿ ಟೈಲರ್ ಗಂಡನಿಗೆ ಹೇಳಿದಳು. ಅವನು ಬಾಯಲ್ಲಿದ್ದ ಗುಂಡುಪಿನ್ನು ತೆಗೆದ. "ತೋಳು ಗಿಡ್ಡ ಆದ್ರೆ ಗಿರಾಕಿ ಕೈ ಕುಯ್ಕೊಳ್ತಾನೇನೆ? ಬಿಚ್ಚಿ ಹೊಲಿಯೋದಪ್ಪ."

"ನಿಮಗೇನು, ಬೈದು ಹೋಗ್ತಾರೆ. ನನಗೆ ನೋಟಿಸು."

"ಬರಲಿ. ಓದೋಕೆ ಕನ್ನಡಕ ಇದೆಯಲ್ಲ."

ಮರುದಿನ ಬೆಳಿಗ್ಗೆ ಕಾರಣದ ಜಾಗದಲ್ಲಿ ಬರೆದಳು: ಹಳೆಯ ಸಾಫ್ಟ್‌ವೇರು ಅವಳಿಗಳನ್ನು ಒಪ್ಪದ ಕಾರಣ ನಾನೇ ತಪ್ಪು ತಾರೀಕು ಹಾಕಿದ್ದೆ, ವಿಭಾಗದಲ್ಲಿ ಹೀಗೇ ರೂಢಿ. ವರದಿಗೆ ಸಹಿ ಹಾಕಲಿಲ್ಲ. ಬೇರೆಯದನ್ನೇ ಬರೆದಳು. ಹೊಸದು ಕೆಟ್ಟಿತ್ತು, ನೋಡಿಕೊಳ್ಳಲು ಸಂಬಳದ ಒಬ್ಬರು ಬೇಕೇ ಬೇಕು, ಆದರೆ ಕೆಟ್ಟದ್ದನ್ನು ನಮ್ಮ ಕಣ್ಣೆದುರೇ ಸರಿಮಾಡಲು ಬಂತು, ಅಂತ.

ಸಾಹೇಬರು ಎರಡನ್ನೂ ಓದಿದರು. ತಿದ್ದುಪಡಿ ಒಪ್ಪದಿದ್ದರೆ ಅವರೂ ಕಾರಣ ಬರೆಯಬೇಕಿತ್ತು. ಸಿಗಲಿಲ್ಲ. ಸಹಿ ಹಾಕಿದರು. ಚಿಕ್ಕವಳು ಅಕ್ಕನ ಪಕ್ಕದಲ್ಲೇ ಕೂತಳು.

ನೋಟಿಸು ಬಂತು, ಪ್ರಿಂಟಕ್ಕನಿಗೆ. ವರ್ಷದ ವೇತನ ಬಡ್ತಿ ತಡೆದರು. ಹುಟ್ಟಿದ ಮಕ್ಕಳನ್ನೇ ಒಪ್ಪದ ಸರಕು ಮಾರಿದ ಕಂಪನಿಗೆ ಒಂದು ಸಾಲಿನ ಕಾಗದವೂ ಹೋಗಲಿಲ್ಲ. ಆದರೆ ಆಕೆ ಬರೆದ 'ರೂಢಿ' ಎಂಬ ಮಾತು ಕಡತಕ್ಕೆ ಸೇರಿದ ಮೇಲೆ ಉಳಿದ ಅವಳಿಗಳನ್ನೂ ತಿದ್ದಲೇಬೇಕಾಯಿತು. ಅದು ಮುಗಿಯುವವರೆಗೆ ಮೂಲೆ ಕಿಟಕಿಯ ಪ್ರಯೋಗ ನಿಲ್ಲಿಸುವಂತಿಲ್ಲ.

ಮೊನ್ನೆ ಒಬ್ಬ ತಂದೆ ಎರಡು ಗಂಡುಮಕ್ಕಳನ್ನು ಎಳೆದುಕೊಂಡು ಬಂದ. "ಒಂದೇ ದಿನ ಹುಟ್ಟಿಸೋ ಕಿಟಕಿ ಇದೇನಾ ಅಕ್ಕಾ?"

"ಹುಟ್ಟಿಸೋದು ನೀವು ಕಣಪ್ಪ, ನಾನು ಬರೆಯೋಳು ಅಷ್ಟೇ. ಆಸ್ಪತ್ರೆ ಚೀಟಿ ತಂದಿದೀಯಾ?"