ಖಾಲಿ ಬಿಡದ ಸೀಟು

ನಮ್ಮ ಗೂಟನಿಗೆ ಆ ಹೆಸರು ಬಂದದ್ದು ಸ್ಟೇಡಿಯಮ್ಮಿನಲ್ಲಿ. ಉತ್ತರದ ಸ್ಟ್ಯಾಂಡಿನ ಕಂಬದ ಪಕ್ಕದ ಸೀಟಿನಲ್ಲಿ ಗೂಟ ಹೊಡೆದುಕೊಂಡು ಕೂತನೆಂದರೆ ಮುಗಿಯಿತು, ಕೊನೆಯ ವಿಷಲ್ ಊದುವವರೆಗೆ ಏಳುತ್ತಿರಲಿಲ್ಲ. ಗೋಲಾದರೆ ಸುತ್ತಲಿನವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುವಾಗ ಇವನು ಮಾತ್ರ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತಿದ್ದ. ಅರ್ಧ ಆಟದ ಬಿಡುವಿನಲ್ಲಿ ಎಲ್ಲರೂ ಟಾಯ್ಲೆಟ್ಟಿಗೆ ಓಡಿದರೆ ಇವನು ಹಲ್ಲು ಕಚ್ಚಿಕೊಂಡು ತಡೆದುಕೊಳ್ಳುತ್ತಿದ್ದ. ಹೆತ್ತವರಿಟ್ಟ ಹೆಸರು ಕೊನೆಗೆ ಅವನ ಕಂಪನಿಯ ಗುರುತಿನ ಚೀಟಿಗಷ್ಟೇ ಉಳಿಯಿತು.

ನಾನು ಅವನ ಜೊತೆ ಕೆಲಸ ಮಾಡುವವನು. ಲಿಫ್ಟ್ ರಿಪೇರಿ ನಮ್ಮದು. ಇದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಒಬ್ಬ ಮಹಡಿಯ ಮೇಲಿನ ಮಷಿನ್ ರೂಮಿನಲ್ಲಿ, ಇನ್ನೊಬ್ಬ ಕೆಳಗೆ ಬಾಗಿಲ ಹತ್ತಿರ. ಕೆಳಗಿನವನು ಹೇಳದೆ ಮೇಲಿನವನು ಏನನ್ನೂ ಮುಟ್ಟುವ ಹಾಗಿಲ್ಲ. ಹೀಗಾಗಿ ಗೂಟನ ದನಿ ಕೇಳಿಯೇ ಅವನಿಗೆ ಹಸಿವಾಗಿದೆಯೋ ಸಿಟ್ಟು ಬಂದಿದೆಯೋ ಹೇಳಬಲ್ಲೆ.

ಸೀಟಿನ ಕಟ್ಟಳೆ ಅವನ ಅಪ್ಪನದು. ಬಸ್ ಡಿಪೋದಲ್ಲಿ ಟೈರು ಬಿಚ್ಚಿ, ಟೈರು ಹಾಕಿ ರಿಟೈರ್ ಆದ ಮನುಷ್ಯ. ಹೆಂಡತಿ ಹೋದ ಮೇಲೆ ಮಗಳನ್ನೂ ಮಗನನ್ನೂ ಒಬ್ಬರೇ ಸಾಕಿದರು. ಮಾತು ಬಹಳ ಕಡಿಮೆ. ಮಗನೊಂದಿಗೆ ಬಾಯ್ತುಂಬ ಮಾತಾಡಿದ್ದೆಲ್ಲ ಫುಟ್‌ಬಾಲಿನ ಬಗ್ಗೆಯೇ. ನಮ್ಮ ಕ್ಲಬ್ಬು ಕೆಳಗಿನ ಡಿವಿಷನ್ನಿಗೆ ಬಿದ್ದು, ಅಲ್ಲಿಯೂ ಬಾಲದ ತುದಿಯಲ್ಲಿ ಒದ್ದಾಡುತ್ತಿದ್ದಾಗ ಹೊಸ ಕೋಚ್ ಬಂದರು. ದಪ್ಪ ಕನ್ನಡಕ, ಇಸ್ತ್ರಿ ಶರ್ಟು, ತಪ್ಪು ಮಾಡಿದ ಆಟಗಾರನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಬೈಯುವ ರೀತಿ. ಒಂದೇ ವಾರದಲ್ಲಿ ನಮಗೆಲ್ಲ ಅವರು ‘ಮೇಷ್ಟ್ರು’ ಆದರು.

ಮೇಷ್ಟ್ರ ಮೊದಲ ಮ್ಯಾಚಿನ ದಿನ ಗೂಟ ಕಂಬದ ಪಕ್ಕ ಕೂತಿದ್ದ, ಬಲಗಡೆ ಅವನಪ್ಪ. ಗೆದ್ದೆವು. ಮುಂದಿನ ಮ್ಯಾಚಿಗೆ ಗೂಟನಿಗೆ ಡ್ಯೂಟಿ ಬಿತ್ತು, ಸೀಟು ಖಾಲಿ ಉಳಿಯಿತು. ಸೋತೆವು. ಅಪ್ಪನಿಗೆ ಅಷ್ಟು ಸಾಕಾಯಿತು. “ಇನ್ಮೇಲೆ ಆ ಸೀಟು ಖಾಲಿ ಬಿಡ್ಬೇಡ ಮಗಾ” ಅಂದರು. ಹೊರಗಿನವರು ಇದಕ್ಕೆ ಹುಚ್ಚು ಅನ್ನುತ್ತಾರೆ. ಅನ್ನಲಿ. ನಾನೇ ಒಂದು ಸೀಸನ್ ಪೂರ್ತಿ ಒಗೆಯದ ಬನಿಯನ್ ಹಾಕಿಕೊಂಡು ಹೋಗಿ, ಹೆಂಡತಿಯ ಕೈಲಿ ಬೇರೆ ಕೋಣೆಯಲ್ಲಿ ಮಲಗಿಸಿಕೊಂಡವನು. ಮೇಷ್ಟ್ರು ನಮ್ಮನ್ನು ಮೇಲಿನ ಡಿವಿಷನ್ನಿಗೆ ಹತ್ತಿಸಿದರು, ಅಲ್ಲಿ ನೆಲೆ ನಿಲ್ಲಿಸಿದರು, ಆರನೇ ವರ್ಷ ಕಪ್ಪಿನ ಬಾಗಿಲಿಗೆ ತಂದು ನಿಲ್ಲಿಸಿದರು. ಅದರಲ್ಲಿ ಆ ಸೀಟಿನದೂ ಒಂದು ಪಾಲಿದೆಯೆಂದು ಗೂಟ ಮನಸಾರೆ ನಂಬಿದ್ದ. ಎದುರು ನಗುತ್ತಿದ್ದ ನಾವೂ ಒಳಗೊಳಗೇ ನಂಬಿದ್ದೆವು.

ಲೀಗಿನ ಕೊನೆಯ ಮ್ಯಾಚು ನಮ್ಮದೇ ಮೈದಾನದಲ್ಲಿ. ಗೆದ್ದರೆ ಕಪ್ಪು. ಅಷ್ಟು ಹೊತ್ತಿಗೆ ಗೂಟನ ಅಪ್ಪ ಆಸ್ಪತ್ರೆ ಸೇರಿದ್ದರು. ಶ್ವಾಸಕೋಶ ಪೂರ್ತಿ ಕೈಕೊಟ್ಟಿತ್ತು. ಮ್ಯಾಚಿಗೆ ಕರೆದುಕೊಂಡು ಹೋಗಲು ನಾನು ಸ್ಕೂಟರ್ ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ವಾರ್ಡಿನ ಬಾಗಿಲಲ್ಲಿ ನಿಂತವನಿಗೆ ಎಲ್ಲವೂ ಕಂಡಿತು. ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದ ಮುದುಕ ಮಗನ ತೋಳು ಹಿಡಿದುಕೊಂಡಿದ್ದರು. ಪಕ್ಕದ ಸ್ಟೂಲಿನಲ್ಲಿ ಗೂಟನ ಅಕ್ಕ ಕೂತಿದ್ದಳು.

“ಇವತ್ತು ಹೋಗ್ಬೇಡ. ಇರು” ಅಂದರು.

“ನೀವೇ ಹೇಳಿದ್ದಲ್ವಾ ಅಪ್ಪಾ, ಸೀಟು ಖಾಲಿ ಬಿಡ್ಬಾರ್ದು ಅಂತ? ಇವತ್ತೊಂದಿನ. ಮುಗಿದ ತಕ್ಷಣ ಓಡಿ ಬರ್ತೀನಿ.”

“ಇರು ಮಗಾ.”

“ಅಪ್ಪ ಇರು ಅಂತಿದಾರೆ ಕಣೋ” ಅಂದಳು ಅಕ್ಕ.

ಗೂಟ ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈಯನ್ನು ಹೊದಿಕೆಯ ಮೇಲೆ ಮೆಲ್ಲಗೆ ಇಟ್ಟ. ಪ್ರೀತಿಯಿಂದಲೇ ಇಟ್ಟ, ಅದನ್ನೂ ಹೇಳಬೇಕು. ಆಮೇಲೆ ನನ್ನ ಜೊತೆ ಹೊರಟುಬಿಟ್ಟ.

ಆಟ ಮುಗಿಯಲು ಇನ್ನು ಕೆಲವೇ ನಿಮಿಷಗಳಿವೆ ಅನ್ನುವಾಗ ನಮ್ಮ ಗೋಲು ಬಿತ್ತು. ಇಡೀ ಸ್ಟ್ಯಾಂಡು ಮೈಮರೆಯಿತು. ವಿಷಲ್ ಆದದ್ದೇ ಗೂಟ ಅಕ್ಕನಿಗೆ ಫೋನು ಮಾಡಿದ. ಎತ್ತಲಿಲ್ಲ. ಜನಜಂಗುಳಿಯಲ್ಲಿ ಸ್ಕೂಟರ್ ತಳ್ಳಿಕೊಂಡು, ಅಡ್ಡ ಬಂದವರನ್ನೆಲ್ಲ ಬೈಯುತ್ತಾ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುದುಕರ ಮುಖಕ್ಕೆ ಬಟ್ಟೆ ಎಳೆದಾಗಿತ್ತು. ಅಕ್ಕ ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ. ಅಂದಿನಿಂದ ಅವನ ಜೊತೆ ಮಾತು ಬಿಟ್ಟಳು.

ಸ್ಟ್ಯಾಂಡಿನವರು ಸಾವಿಗೆ ಬಂದರು. ಮಣ್ಣು ಮುಗಿಸಿ ಬರುವಾಗ ಯಾರೋ ಒಬ್ಬ, “ಅಪ್ಪನ್ನ ಅಂಥಾ ಸ್ಥಿತೀಲಿ ಬಿಟ್ಟು ಮ್ಯಾಚಿಗೆ ಬಂದ್ಯಲ್ಲೋ” ಅಂದ. ಬೇಕೆಂದು ಅಂದದ್ದಲ್ಲ, ಬಾಯಿಗೆ ಬಂತು. ಗೂಟ ಫಕ್ಕನೆ ಹೇಳಿದ, “ಅಪ್ಪನೇ ಕಳಿಸಿದ್ದು. ಹೋಗು, ಸೀಟು ಖಾಲಿ ಬಿಡ್ಬೇಡ ಅಂದ್ರು.” ನನ್ನ ಮುಖ ಮಾತ್ರ ನೋಡಲಿಲ್ಲ. ನಾನೂ ಸುಮ್ಮನಿದ್ದೆ. ಸಾವಿನ ಮನೆಯಲ್ಲಿ ಮಗನ ಮಾತನ್ನು ಸುಳ್ಳು ಮಾಡುವಷ್ಟು ದೊಡ್ಡ ಸತ್ಯವಂತ ನಾನಲ್ಲ.

ಆ ಒಂದು ಮಾತಿಗೆ ಊರೆಲ್ಲ ಉಪ್ಪುಖಾರ ಹಚ್ಚಿತು. ಕ್ಯಾಂಟೀನಿನಲ್ಲಿ ಒಬ್ಬ, ಮುದುಕ ಗೋಲಿನ ಸದ್ದು ಕೇಳಿ ನಗುತ್ತಲೇ ಪ್ರಾಣ ಬಿಟ್ಟರಂತೆ ಅಂದ. ಇನ್ನೊಬ್ಬ ಕಣ್ಣೊರೆಸಿಕೊಂಡ. ಮುಂದಿನ ಭಾನುವಾರ ತೆರೆದ ಬಸ್ಸಿನ ಮೇಲೆ ಕಪ್ಪಿನ ಮೆರವಣಿಗೆ. ಮೈಕ್ ಹಿಡಿದ ಮೇಷ್ಟ್ರು, “ಮಗನನ್ನು ಸ್ಟ್ಯಾಂಡಿಗೆ ಕಳಿಸಿ ಕಣ್ಣು ಮುಚ್ಚಿದ ಆ ತಂದೆಯೇ ಈ ಕ್ಲಬ್ಬು” ಅಂದರು. ಬೀದಿಗೆ ಬೀದಿಯೇ ಚಪ್ಪಾಳೆ ಹೊಡೆಯಿತು. ನನ್ನ ಪಕ್ಕದಲ್ಲಿದ್ದ ಗೂಟ ಚಪ್ಪಾಳೆ ಹೊಡೆಯಲಿಲ್ಲ. ಮುಖ ಮಾತ್ರ ಸ್ವಲ್ಪ ಹಗುರಾಯಿತು. ಅಕ್ಕ ಏನಾದರೂ ಅಂದುಕೊಳ್ಳಲಿ, ಮೇಷ್ಟ್ರ ಬಾಯಲ್ಲಿ ಬಂತಲ್ಲ, ಅಷ್ಟು ಆಸರೆ ಸಿಕ್ಕಿತು ಅವನಿಗೆ. ಆ ಆಸರೆಯ ಮೇಲೇ ದಿನ ತಳ್ಳುತ್ತಿದ್ದ.

ಎರಡು ವಾರವೂ ಕಳೆದಿರಲಿಲ್ಲ, ಮೇಷ್ಟ್ರು ಬಿಟ್ಟು ಹೋಗುತ್ತಾರೆ ಅನ್ನುವ ಸುದ್ದಿ ಬಂತು. ಗಾಳಿ ಸುದ್ದಿ ಅಂದುಕೊಂಡೆವು. ಸಂಜೆ ಅವರೇ ಟೀವಿಯಲ್ಲಿ ಬಂದು ಹೇಳಿದರು. ದೂರದ ದೊಡ್ಡ ಕ್ಲಬ್ಬು, ನಮ್ಮನ್ನು ವರ್ಷಕ್ಕೆರಡು ಸಲ ಬಗ್ಗುಬಡಿಯುತ್ತಿದ್ದ ಕ್ಲಬ್ಬು. ಆ ವಾರ ನಮ್ಮ ಜನರನ್ನು ನೋಡಬೇಕಿತ್ತು. ಸ್ಟೇಡಿಯಮ್ಮಿನ ಗೇಟಿನ ಹತ್ತಿರ ಹೂವಿಟ್ಟು ಅತ್ತವರೇ ಕ್ಯಾಂಟೀನಿಗೆ ಬಂದು ಕೈಕೊಟ್ಟು ಹೋದ ಅಂತ ಶಾಪ ಹಾಕುತ್ತಿದ್ದರು. ‘ನಿಮ್ಮ ಋಣ ತೀರಿಸಲಾರೆವು ಮೇಷ್ಟ್ರೇ’ ಅಂತ ಗೋಡೆಗೆ ಬಣ್ಣ ಬಳಿದ ಪೇಂಟರು ಎರಡು ದಿನ ಬಿಟ್ಟು ತಾನೇ ಅದರ ಮೇಲೆ ಸುಣ್ಣ ಹೊಡೆದ. ಮಾರನೆಯ ದಿನ ಮತ್ತೆ ಬರೆದ. ಕೊಟ್ಟದ್ದನ್ನೆಲ್ಲ ನೆನೆದರೆ ಬೈಯಲು ಬಾಯಿ ಬರುವುದಿಲ್ಲ, ಹೊರಟದ್ದನ್ನು ನೆನೆದರೆ ಹೊಗಳಲು ಮನಸ್ಸು ಬರುವುದಿಲ್ಲ. ನನಗಂತೂ ಆ ದಿನಗಳಲ್ಲಿ ಮೂಗಿನ ತುದಿಯಲ್ಲೇ ಕೋಪ. ಮನೆಯಲ್ಲಿ ಟೀವಿ ರಿಮೋಟು ಒಡೆದೆ.

ಗೂಟ ಅಳಲೂ ಇಲ್ಲ, ಬೈಯಲೂ ಇಲ್ಲ. ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಒಂದು ಸಲ ಮಾತ್ರ, ಸ್ಪ್ಯಾನರ್ ಒರೆಸುತ್ತಾ, “ಇವರಿಗೋಸ್ಕರ ತಾನೆ ಹೋದೆ ಅವತ್ತು?” ಅಂದ.

ಆ ಶನಿವಾರ ಬೆಳಿಗ್ಗೆ ಒಂದು ಅಪಾರ್ಟ್‌ಮೆಂಟಿನಿಂದ ಫೋನು ಬಂತು. ಮನೆ ಖಾಲಿ ಮಾಡುವ ಕೂಲಿಯವರು ಸಾಮಾನು ಸಾಗಿಸಲು ಲಿಫ್ಟಿನ ಬಾಗಿಲಿಗೆ ಟ್ರಂಕು ಅಡ್ಡ ಇಟ್ಟು ಬಾಗಿಲಿನ ಲಾಕ್ ಹಾಳು ಮಾಡಿದ್ದರು. ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿದೆ, ಒಳಗೆ ಒಬ್ಬರಿದ್ದಾರೆ ಅಂದರು. ಮೇಷ್ಟ್ರಿದ್ದ ಕಟ್ಟಡ ಅದೇ ಅನ್ನುವುದು ನಮಗೆ ಗೊತ್ತಿತ್ತು, ಅವರ ಫೋಟೋ ಅಲ್ಲಿಯ ಗೇಟಿನ ಮುಂದೆ ಎಷ್ಟೋ ಸಲ ಪೇಪರಿನಲ್ಲಿ ಬಂದಿತ್ತು. ಆದರೆ ಒಳಗಿರುವವರು ಅವರೇ ಅಂತ ಯಾರೂ ಹೇಳಿರಲಿಲ್ಲ.

ನಾನು ಮಷಿನ್ ರೂಮಿಗೆ ಹತ್ತಿ ಮೇನ್ ಸ್ವಿಚ್ ಆರಿಸಿದೆ. ಕೆಳಗಿದ್ದ ಗೂಟನಿಗೆ ಫೋನು ಮಾಡಿ, ಮೊಬೈಲನ್ನು ಸ್ಪೀಕರಿಗೆ ಹಾಕಿ ಮೋಟಾರಿನ ಪಕ್ಕ ಇಟ್ಟುಕೊಂಡೆ. ಇಂಥ ಹೊತ್ತಿನಲ್ಲಿ ಮೇಲಿನವನು ಬ್ರೇಕು ಸಡಿಲಿಸಿ ಚಕ್ರವನ್ನು ಕೈಯಲ್ಲಿ ತಿರುಗಿಸಬೇಕು, ಕೆಳಗಿನವನು ಸಾಕು ಅನ್ನುವವರೆಗೆ.

“ಬಾಗ್ಲು ತೆಗೆದೆ” ಅಂದ ಗೂಟ. “ಲಿಫ್ಟಿನ ನೆಲ ನನ್ನ ಎದೆ ಮಟ್ಟಕ್ಕಿದೆ. ಕೆಳಗಿಳಿಸ್ಬೇಕು.”

“ರೆಡಿ” ಅಂದೆ. ಅವನು ಬಿಡು ಅನ್ನಲಿಲ್ಲ. ಇನ್ನೊಂದು ದನಿ ಕೇಳಿತು.

“ಸ್ವಲ್ಪ ಬೇಗ ಆಗುತ್ತೇನಪ್ಪಾ? ವಿಮಾನಕ್ಕೆ ಹೊತ್ತಾಯ್ತು.”

ಆರು ವರ್ಷ ಕೇಳಿದ ಮೇಷ್ಟ್ರ ದನಿ.

“ಆಗುತ್ತೆ ಸಾರ್. ಅದಕ್ಕೂ ಮುಂಚೆ ಒಂದು ಮಾತು. ಯಾಕೆ ಹೋಗ್ತಿದೀರಾ?”

“ದೊಡ್ಡ ಕ್ಲಬ್ಬು. ಕರೆದ್ರು. ಈ ವಯಸ್ಸಲ್ಲಿ ಇನ್ನೊಂದ್ಸಲ ಕರೆಯಲ್ಲ. ಟೀವಿಯಲ್ಲಿ ಬೇರೆ ಏನೇನೋ ಹೇಳ್ದೆ, ಇರೋದು ಇಷ್ಟೇ.”

“ನಾನು ಆ ಸೀಟಿನವನು ಸಾರ್. ಬಸ್ ಮೇಲೆ ನಮ್ಮಪ್ಪನ ಬಗ್ಗೆ ಹೇಳಿದ್ರಲ್ಲ.”

“ಯಾವ... ಬೇಜಾರು ಮಾಡ್ಕೋಬೇಡಿ, ನೆನಪಾಗ್ತಿಲ್ಲ.”

ಗೂಟ ಆ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದ. ಮಗನನ್ನು ಸ್ಟ್ಯಾಂಡಿಗೆ ಕಳಿಸಿ ಕಣ್ಣು ಮುಚ್ಚಿದ ಆ ತಂದೆಯೇ ಈ ಕ್ಲಬ್ಬು. ಪಾಠ ಒಪ್ಪಿಸುವ ಮಗುವಿನ ದನಿ ಅದು. ಕೇಳಲಾಗಲಿಲ್ಲ ನನಗೆ.

“ಹಾಂ, ಹಾಂ. ಬಸ್ ಹತ್ತೋ ಮುಂಚೆ ಕ್ಲಬ್ಬಿನ ಆಫೀಸಿನವರು ಯಾರೋ ಹೇಳಿದ್ರು, ಹೀಗಾಗಿದೆ, ಒಂದು ಮಾತಾಡಿ ಅಂತ. ಅವತ್ತು ಏನೇನು ಮಾತಾಡಿದ್ನೋ.”

“ಅಪ್ಪ ಕಳಿಸಿರ್ಲಿಲ್ಲ ಸಾರ್. ಇರು ಅಂದ್ರು. ನಾನೇ ಬಂದೆ. ಸೀಟು ಖಾಲಿ ಬಿಟ್ರೆ ಸೋಲ್ತೀವಿ ಅಂತ.”

ಆಗ ಮೇಷ್ಟ್ರು, ತಪ್ಪು ಮಾಡಿದ ಆಟಗಾರನ ಜೊತೆ ಮಾತಾಡುವ ಅದೇ ಮೆಲುದನಿಯಲ್ಲಿ ಹೇಳಿದರು. “ಮೈದಾನದ ದೀಪ ಹಾಕಿದ್ಮೇಲೆ ಆ ಸ್ಟ್ಯಾಂಡು ನಮಗೆ ಕಾಣೋದೇ ಇಲ್ಲಪ್ಪಾ. ಬರೀ ಕತ್ತಲೆ. ಯಾರು ಕೂತಿದಾರೆ, ಯಾವ್ದು ಖಾಲಿ, ಏನೂ ಗೊತ್ತಾಗಲ್ಲ. ನೀವು ಅಪ್ಪನ ಹತ್ರ ಇರಬೇಕಿತ್ತು.”

ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಇಳಿದು ಹೋಗಿ ನಾನೇ ನಾಲ್ಕು ಬಿಡುತ್ತಿದ್ದೆ. ಒಳ್ಳೆಯ ಮನುಷ್ಯ ನಿಜ ಹೇಳಿಬಿಟ್ಟರೆ ಏನು ಮಾಡಲಿಕ್ಕೆ ಬರುತ್ತದೆ? ಕೆಳಗೆ ಲಿಫ್ಟಿನ ಅಡಿಯಲ್ಲಿ ತೆರೆದ ಬಾವಿಯಂಥ ಸಂದಿಯಿದೆ, ಅದರ ಅಂಚಿನಲ್ಲಿ ಗೂಟ ನಿಂತಿದ್ದಾನೆ. ಅವನು ಮಾತಾಡುತ್ತಿಲ್ಲ. “ಲೇ ಗೂಟಾ” ಅಂದೆ. “ಗೂಟಾ, ಇದೀಯೇನೋ?”

“ಬಿಡು” ಅಂದ ಕೊನೆಗೆ. “ನಿಧಾನ. ಇನ್ನೂ ಸ್ವಲ್ಪ. ಸಾಕು.”

ನಾನು ಕೆಳಗೆ ಬರುವಷ್ಟರಲ್ಲಿ ಮೇಷ್ಟ್ರು ಸೂಟ್‌ಕೇಸ್ ಎತ್ತಿಕೊಂಡು ಮೆಟ್ಟಿಲಿಳಿದು ಹೋಗಿದ್ದರು. ಗೂಟ ಮಂಡಿಯೂರಿ ಲಾಕ್ ಬಿಚ್ಚುತ್ತಿದ್ದ.

“ಮುಖಕ್ಕೆ ಹೊಡೆದ ಹಾಗೆ ಎರಡು ಮಾತು ಅನ್ನಬಾರ್ದಿತ್ತಾ?” ಅಂದೆ.

“ಏನಂತ ಅನ್ನಲಿ? ಬಾ ಅಂತ ಅವರೇನು ನನ್ನ ಕರೆದಿದ್ರಾ?”

ಕೆಲಸ ಮುಗಿದ ಮೇಲೆ, ಅಕ್ಕನ ಮನೆಗೆ ಬಿಡು ಅಂದ. ಅಕ್ಕನದು ಒಂದೇ ಕೋಣೆ, ಕೆಳಗೆ ಪ್ರಿಂಟಿಂಗ್ ಪ್ರೆಸ್ಸು. ಶಾಲೆಯ ಬ್ಯಾಗು ಹೊಲಿದು ಕೊಡುತ್ತಾಳೆ. ಬಾಗಿಲು ತೆರೆದೇ ಇತ್ತು, ನೆಲದ ತುಂಬ ನೀಲಿ ಬಟ್ಟೆಯ ತುಂಡುಗಳು. ತಮ್ಮನನ್ನು ಕಂಡು ಹೊಲಿಗೆ ಮಷಿನ್ ನಿಲ್ಲಿಸಿದಳು.

“ಅಕ್ಕಾ, ಅಪ್ಪ ಇರು ಅಂದ್ರು. ನಾನು ಹೋದೆ. ಕಳಿಸಿದ್ರು ಅಂತ ಎಲ್ಲರ ಹತ್ರ ಸುಳ್ಳು ಹೇಳ್ಕೊಂಡು ಓಡಾಡ್ದೆ.”

ಅವಳು ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಕತ್ತರಿ ಕೆಳಗಿಟ್ಟು, ಬಾಗಿಲ ಹತ್ತಿರವಿದ್ದ ನನ್ನನ್ನೊಮ್ಮೆ ನೋಡಿ, ಮತ್ತೆ ಅವನ ಕಡೆ ತಿರುಗಿದಳು.

“ನೀನು ಹೋದ್ಮೇಲೆ ಅಪ್ಪ ಬೇರೇನೂ ಮಾತಾಡ್ಲಿಲ್ಲ. ಏನಾಯ್ತು, ಏನಾಯ್ತು ಅಂತ ಅದೊಂದೇ. ಪಕ್ಕದ ಬೆಡ್ಡಿನವರ ಮೊಬೈಲಲ್ಲಿ ಮ್ಯಾಚ್ ಬರ್ತಿತ್ತು. ಗೋಲಾಗಿದ್ದು ನಂಗೆ ಕೇಳ್ತು. ಅಪ್ಪಂಗೆ ಅಷ್ಟು ಹೊತ್ತಿಗೆ ಕಿವಿ ಮಂದವಾಗಿತ್ತು. ಏನಾಯ್ತಮ್ಮಾ ಅಂತ ನನ್ನ ಬಾಯನ್ನೇ ನೋಡ್ತಾ ಇದ್ರು.”

“ಹೇಳಿದ್ಯಾ?”

“ಇಲ್ಲ.”

“ಯಾಕಕ್ಕಾ?”

“ಹೇಳಿದ್ರೆ ಅಪ್ಪಂಗೆ ಖುಷಿಯಾಗೋದು. ನೀನು ಹೋಗಿದ್ದೇ ಸರಿ ಅಂತ ಆಗ್ಬಿಡೋದು. ನಿನ್ನ ಮೇಲಿನ ಸಿಟ್ಟಿಗೆ ಬಾಯಿ ಮುಚ್ಕೊಂಡು ಕೂತೆ.” ಕೆಳಗಿಟ್ಟ ಕತ್ತರಿಯನ್ನು ಇನ್ನಷ್ಟು ದೂರ ಸರಿಸಿದಳು. “ಸೋತ್ವಿ ಅಂದ್ಕೊಂಡೇ ಹೋದ್ರು ಕಣೋ.”

ಕೆಳಗೆ ಪ್ರೆಸ್ಸಿನವರು ಇನ್ನೂ ಕೆಲಸ ಮಾಡುತ್ತಿದ್ದರು. ಗೂಟ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಬಟ್ಟೆಯ ತುಂಡುಗಳನ್ನು ಪಕ್ಕಕ್ಕೆ ಸರಿಸಿ, ಅವಳ ಸ್ಟೂಲಿನ ಹತ್ತಿರ ನೆಲದ ಮೇಲೆ ಕೂತುಕೊಂಡ.